ಹೇಜಲ್ ಬೊಗಳಲಿಲ್ಲ

ಮಾರ್ಚ್ ೧೨, ಮಂಗಳವಾರ. ಬ್ಯಾಲರಾಟ್.

ನನಗೆ ದಾರಿ ತೋರಿಸುವ ನಾಯಿ ಹೇಜಲ್‌ಳ ಕಿವಿಯ ಹೊಲಿಗೆ ಇವತ್ತು ಬಿಚ್ಚಿದರು. ಹದಿನೈದು ದಿನದ ಹಿಂದೆ ಪಕ್ಕದ ಬೀದಿಯ ಕ್ರೇಗ್, "ಹೆದರ್ಬೇಡಿ, ನಮ್ದು ಏನೂ ಮಾಡಲ್ಲ!" ಎಂದು ಕೂಗುವಷ್ಟರಲ್ಲೇ ಅವನ ನಾಯಿ ಆ ಕಿವಿ ಹರಿದಿತ್ತು. ಕಣ್ಣಿಲ್ಲದ ನನಗೆ ಕೇಳಿಸಿದ್ದು ಕುಂಯ್ ಎಂಬ ಒಂದು ಸದ್ದು ಮಾತ್ರ.

ಇವತ್ತು ಗೇಟಿನ ಬಳಿ ಕ್ರೇಗ್ ನನಗೇ ಬುದ್ಧಿ ಹೇಳಿದ: "ನಿಮ್ದು ಒಂದ್ಸಲ ಬೊಗಳಿದ್ರೆ ಓಡಿ ಬರ್ತಿದ್ದೆ, ಡೋರೀನ್."

ನನಗೆ ದಾರಿ ತೋರಿಸುವಾಗ ಬೊಗಳಬಾರದೆಂದು ಅವಳಿಗೆ ಎರಡು ವರ್ಷ ಕಲಿಸಿದ್ದಾರೆ, ಮಾರಾಯ! ನಿನ್ನ ನಾಯಿಗೊಂದು ಹಗ್ಗ ಹಾಕಲು ನಿನಗೇನು ಧಾಡಿ?

ಸಂಜೆ ಹೊರಗೆ ಹೊರಡಲೆಂದು, ನಾನು ಹಿಡಿದು ನಡೆಯುವ ಅವಳ ಮೈಪಟ್ಟಿಯನ್ನು ಕೈಗೆತ್ತಿಕೊಂಡು ಕರೆದೆ. ಮೊದಲೆಲ್ಲ ಓಡಿಬಂದು ತಾನೇ ತಲೆ ತೂರಿಸುತ್ತಿದ್ದಳು. ಉಗುರಿನ ಸದ್ದು ಬಾಗಿಲವರೆಗೆ ಬಂದು ನಿಂತಿತು.

ಬೊಗಳಿದಳು. ನನ್ನನ್ನು ಕಂಡು.