ಗೆದ್ದವಳಿಗೆ ಮುಟ್ಟದ ತೀರ್ಪು

ಮೇಲಿನ ಕೋರ್ಟಿನ ರಿಜಿಸ್ಟ್ರಾರ್ ಸಾಹೇಬರೇ,

ಒಬ್ಬ ಹೆಂಗಸು ಕೇಸು ಗೆದ್ದ ಸುದ್ದಿಯನ್ನು ನಿಮ್ಮ ಕಚೇರಿ ನಲವತ್ತೊಂದು ವರ್ಷ ಆಕೆಗೆ ತಿಳಿಸಲಿಲ್ಲ. ತಿಳಿದ ಮೇಲೆ ಆಕೆ ತೀರ್ಪಿನ ಒಂದು ಪ್ರತಿ ಕೇಳಿದರೆ ಅದನ್ನೂ ಕೊಡಲಿಲ್ಲ. ಹೋದ ತಿಂಗಳು ಆಕೆ ತೀರಿಕೊಂಡರು. ನನ್ನ ದೂರು ಇಷ್ಟೇ. ಪುರುಸೊತ್ತಿದ್ದರೆ ಮುಂದೆ ಓದಿ.

ನಾನು ಕಾನೂನು ಕಾಲೇಜಿನ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ದೇಶದ ಕಾನೂನಿನ ಇತಿಹಾಸ ನಮಗೊಂದು ವಿಷಯ. ಅದರ ಪಠ್ಯದಲ್ಲಿ ‘ಟೆಲಿಫೋನ್ ಆಪರೇಟರ್ ಪ್ರಕರಣ’ಕ್ಕೆ ಒಂದೂವರೆ ಪುಟ ಕೊಟ್ಟಿದ್ದಾರೆ. ಹೆಣ್ಣು ಆಪರೇಟರುಗಳು ಮದುವೆಯಾದ ಕೂಡಲೇ ರಾಜೀನಾಮೆ ಕೊಡಬೇಕೆಂಬ ನಿಯಮ ಆಗ ಇತ್ತು. ಒಬ್ಬಾಕೆ ಕೊಡಲಿಲ್ಲ. ವಜಾ ಮಾಡಿದರು. ಕೆಳಗಿನ ಕೋರ್ಟಿನಲ್ಲಿ ಸೋತು, ಆರು ವರ್ಷಗಳ ನಂತರ ನಿಮ್ಮ ಕೋರ್ಟಿನಲ್ಲಿ ಗೆದ್ದರು. ನಿಯಮ ರದ್ದಾಯಿತು. ಪುಸ್ತಕದ ಪಾಠ ಅಲ್ಲಿಗೆ ಮುಗಿಯುತ್ತದೆ. ನಮ್ಮ ಮೇಷ್ಟ್ರು ಮುಗಿಸಲಿಲ್ಲ. “ತೀರ್ಪು ಬಂತು, ಸರಿ. ಮಾರನೇ ದಿನ ಆಯಮ್ಮ ಏನು ಮಾಡಿದ್ಲು? ಹುಡುಕ್ಕೊಂಡು ಬನ್ನಿ” ಎಂದರು.

ಹುಡುಕುತ್ತಾ ನಿಮ್ಮ ದಾಖಲೆ ಕೋಣೆಗೆ ಬಂದೆ. ಆ ಕಡತದ ಕೊನೆಯಲ್ಲಿ, ಅಂಟಿಸಿದ್ದು ಅಂಟಿಸಿದಂತೆಯೇ ಇದ್ದ, ಒಡೆಯದ ಒಂದು ಲಕೋಟೆ ಇತ್ತು. ಮೇಲೆ ‘ವಿಳಾಸದಾರರು ಇಲ್ಲ’ ಎಂಬ ಷರಾ. ತೀರ್ಪಿನ ಪ್ರತಿಯನ್ನು ನೀವು ಕಳಿಸಿದ್ದು ಟೆಲಿಫೋನ್ ಇಲಾಖೆಯ ಕ್ವಾರ್ಟರ್ಸಿಗೆ. ಕೆಲಸದಿಂದ ತೆಗೆದವರನ್ನು ಯಾವ ಇಲಾಖೆ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡು ಸಾಕುತ್ತದೆ, ಸಾಹೇಬರೇ? ಆಕೆಯ ವಕೀಲರು ವಾದ ಮುಗಿಸಿ, ತೀರ್ಪಿಗೆ ಮುಂಚೆಯೇ ತೀರಿಹೋಗಿದ್ದರು. ಲಕೋಟೆ ವಾಪಸು ಬಂತು, ನೀವು ಅದನ್ನು ಜೋಪಾನವಾಗಿ ಕಡತಕ್ಕೆ ಹೊಲಿದಿರಿ. ನಿಮ್ಮ ಹೊಲಿಗೆ ಗಟ್ಟಿ, ಅದನ್ನು ಮೆಚ್ಚಲೇಬೇಕು.

ನಿವೃತ್ತ ಆಪರೇಟರುಗಳ ಸಂಘದವರು ಆಕೆಯ ವಿಳಾಸ ಕೊಟ್ಟರು. ದರ್ಜಿ ಅಂಗಡಿಯ ಮೇಲಿನ ಕೋಣೆ. ಎಪ್ಪತ್ತೊಂದರ ಅಜ್ಜಿ ಕಿಟಕಿಯ ಬೆಳಕಿಗೆ ಕೂತು ಅಂಗಿಗೆ ಕಾಜಾ ಹೊಲಿಯುತ್ತಿದ್ದರು.

“ಆ ಕೇಸಾ? ಅದು ಸೋತುಹೋಯ್ತಲ್ಲಮ್ಮ. ವಕೀಲ್ರು ಹೋದ್ಮೇಲೆ ಯಾರೂ ಏನೂ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ರೆ ಸೋತ ಹಾಗೇ ಅಲ್ವಾ?”

“ಅಜ್ಜಿ, ನೀವು ಗೆದ್ದಿದ್ದೀರಿ.”

“ಯಾರೋ ನಿನ್ನ ಚೇಷ್ಟೆ ಮಾಡಿದ್ದಾರೆ” ಎಂದು ನಕ್ಕರು.

ಪುಸ್ತಕ ಬಿಚ್ಚಿ ಓದಿದೆ. ‘ಮೇಲ್ಮನವಿದಾರರು ಯಾವ ತಪ್ಪನ್ನೂ ಮಾಡಿಲ್ಲ’ ಎಂಬ ಸಾಲು ಬಂದಾಗ ಕೈ ಎತ್ತಿ ತಡೆದರು. “ಅದನ್ನ ಇನ್ನೊಂದ್ಸಲ ಓದು.” ಓದಿದೆ. ಅಂಗಿ ಪಕ್ಕಕ್ಕಿಟ್ಟರು. ಆಮೇಲೆ ಅವರ ಮಾತು ಕೇಸಿನ ಬಗ್ಗೆ ಇರಲಿಲ್ಲ, ಬಸ್ ಡ್ರೈವರಾಗಿದ್ದ ಗಂಡನ ಬಗ್ಗೆ ಇತ್ತು.

“ಸಾಯೋವರೆಗೂ ಅವರದ್ದು ಒಂದೇ ಕೊರಗು. ‘ನನ್ನ ಕಟ್ಕೊಂಡು ನಿನ್ನ ಕೆಲಸ ಹೋಯ್ತು’ ಅಂತ. ಬಿಡ್ರೀ ಅಂತಿದ್ದೆ. ಬಿಡ್ಲೇ ಇಲ್ಲ. ಇದೊಂದು ಸಾಲು ಕೇಳಿಸ್ಕೊಂಡಿದ್ರೆ ಸಾಕಿತ್ತು ಅವರಿಗೆ.” ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, “ನನ್ನ ನಾದಿನಿ ಮದುವೆಯಾಗಿ ಎರಡು ಮಕ್ಕಳಾದ್ಮೇಲೆ ಅದೇ ಎಕ್ಸ್‌ಚೇಂಜಿಗೆ ಸೇರಿದ್ಲು. ಅವಳ ಯೂನಿಫಾರಂ ಹೊಲಿದೋಳು ನಾನೇ. ‘ನಿನ್ನ ಅದೃಷ್ಟ ಕಣೇ, ಕಾನೂನು ಬದಲಾಯ್ತು’ ಅಂದಿದ್ದೆ.”

“ಬದಲಾಯಿಸಿದ್ದು ನೀವೇ ಅಜ್ಜಿ” ಎಂದೆ. ಅವರು ಪಕ್ಕಕ್ಕಿಟ್ಟಿದ್ದ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡರು.

ಹೊರಡುವಾಗ ಒಂದೇ ಒಂದು ಆಸೆ ಹೇಳಿದರು. “ಪುಸ್ತಕದ್ದು ಬೇಡ. ಕೋರ್ಟಿನ ಮೊಹರು ಇರೋದು ಒಂದು ತಂದುಕೊಡ್ತೀಯಾ?”

ನಾನು ಅರ್ಜಿ ಹಾಕಿದೆ. ‘ಅರ್ಜಿದಾರರು ಪಕ್ಷಕಾರರಲ್ಲ’ ಎಂದು ತಿರಸ್ಕರಿಸಿದಿರಿ. ಸರಿ, ಪಕ್ಷಕಾರರನ್ನೇ ಕರೆತಂದೆ. ಲಿಫ್ಟ್ ಕೆಟ್ಟಿತ್ತು. ಸವೆದ ಮಂಡಿಗಳನ್ನು ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ನಿಮ್ಮ ಗುಮಾಸ್ತರು ಗುರುತಿನ ಚೀಟಿ ತಿರುಗಿಸಿ ನೋಡಿ, “ಕಡತದಲ್ಲಿರೋ ಹೆಸರೇ ಬೇರೆ. ಇಲ್ಲಿ ಗಂಡನ ಹೆಸರು ಸೇರಿದೆ. ನೀವೇ ಆಕೆ ಅನ್ನೋದಕ್ಕೆ ಏನು ಪುರಾವೆ?” ಎಂದರು. ಮದುವೆಯಾದದ್ದಕ್ಕೇ ಹುಟ್ಟಿದ ಕೇಸು ಅದು. ಮದುವೆಯಿಂದ ಹೆಸರು ಬದಲಾಯಿತೆಂದು ಇಲಾಖೆ ಒಮ್ಮೆ ಹೊರಗೆ ಹಾಕಿದ ಅದೇ ಹೆಂಗಸನ್ನು ನಿಮ್ಮ ಕಚೇರಿ ಎರಡನೇ ಸಲ ಹೊರಗೆ ಕಳಿಸಿತು. ಇದನ್ನು ನಮ್ಮ ಪಠ್ಯದ ಯಾವ ಪುಟಕ್ಕೆ ಸೇರಿಸಲಿ, ನೀವೇ ಹೇಳಿ.

ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅವರು ನನ್ನ ಬೆನ್ನು ಸವರಿ, “ಅಳ್ಬೇಡ ಮಗಳೇ, ಅದಿಲ್ದೇ ನಾನು ಇಷ್ಟು ವರ್ಷ ಇರ್ಲಿಲ್ವಾ?” ಎಂದರು. ಮರುದಿನವೇ ಎರಡೂ ಹೆಸರು ಒಬ್ಬರದ್ದೇ ಎಂದು ಪ್ರಮಾಣಪತ್ರ ಮಾಡಿಸಿ ಕೊಟ್ಟೆವು. ‘ಪರಿಶೀಲನೆಯಲ್ಲಿದೆ’ ಎಂಬ ನಿಮ್ಮ ಉತ್ತರ ನಾಲ್ಕು ತಿಂಗಳಲ್ಲಿ ಮೂರು ಸಲ ಬಂತು, ಈ ಸಲ ಸರಿಯಾದ ವಿಳಾಸಕ್ಕೇ. ಮೂರನೆಯದನ್ನು ಬಿಚ್ಚುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ಮತ್ತೆ ಮನೆಗೆ ಬರಲಿಲ್ಲ.

ಕಾನೂನಿನ ಇತಿಹಾಸವೆಂದರೆ ತೀರ್ಪುಗಳ ಸಾಲು ಎಂದುಕೊಂಡಿದ್ದೆ. ತೀರ್ಪು ಕೋರ್ಟಿನಿಂದ ಮನೆಗೆ ತಲುಪುವ ದಾರಿಯ ಇತಿಹಾಸವನ್ನು ಯಾರೂ ಬರೆದಿಲ್ಲ.

ನನ್ನ ಬೇಡಿಕೆ ಕೇಳಿ. ಆಕೆಗೆ ಒಬ್ಬ ಮಗಳಿದ್ದಾರೆ, ನರ್ಸು. ಆ ಪ್ರತಿಯನ್ನು ದಯವಿಟ್ಟು ಅಂಚೆಗೆ ಹಾಕಬೇಡಿ. ನಿಮ್ಮ ಕಚೇರಿಯ ಒಬ್ಬರು ಹೋಗಿ ಅವರ ಕೈಗೆ ಕೊಟ್ಟು, “ನಿಮ್ಮಮ್ಮ ಗೆದ್ದಿದ್ದರು, ನಾವು ಹೇಳಲಿಲ್ಲ” ಎಂದು ಬಾಯಿ ಬಿಟ್ಟು ಹೇಳಬೇಕು. ಇನ್ನೊಂದು ಮಾತು. ಅದೇ ಕಪಾಟಿನ ಬೇರೆ ಕಡತಗಳಲ್ಲಿ ಒಡೆಯದ ಲಕೋಟೆಗಳು ಇನ್ನೂ ಹನ್ನೊಂದು ಕಂಡವು. ಅವುಗಳ ಮೇಲಿನ ಹೆಸರುಗಳನ್ನು ಬರೆದುಕೊಂಡು ಬಂದಿದ್ದೇನೆ. ಆ ಜನರಲ್ಲಿ ಕೆಲವರಾದರೂ ಬದುಕಿರಬಹುದು. ಬೇಗ ಹುಡುಕಿಸಿ.

ಇಂತಿ,
ಆಕೆಯ ಕೇಸಿನ ಮೇಲೆ ಪ್ರಬಂಧ ಬರೆದು
ಕಾಲೇಜಿಗೇ ಮೊದಲಿಗಳಾಗಿ, ತಲೆ ತಗ್ಗಿಸಿ ಕೂತಿರುವ
ಒಬ್ಬ ವಿದ್ಯಾರ್ಥಿನಿ