ಸೀಟಿನ ಹಿಂದಿನ ಫಿಲ್ಟರ್

ಬೈರಾಪಟ್ಟಣ
12 ಮಾರ್ಚ್ 2003, ಬುಧವಾರ

ಪ್ರೀತಿಯ ದೇವರಾಜು,

ಅಕ್ಕನ ಆಶೀರ್ವಾದ. ಮನೆಯ ಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಫಿಲ್ಟರಿನ ವಿಷಯ.

ಭಾನುವಾರ ಧನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತೀಯಂತೆ. ಆರು ವರ್ಷ ಹಾರೋಹಳ್ಳಿಯ ಶೆಡ್ಡಿನಲ್ಲಿ ನೀನೇ ಕೈಯಾರೆ ಕಟ್ಟಿದ ವಿಮಾನ. ಮಗಳನ್ನು ಕೂರಿಸುವ ಆಸೆ ಅರ್ಥವಾಗುತ್ತದೆ. ಆದರೆ ಪೆಟ್ರೋಲಿನ ಫಿಲ್ಟರನ್ನು ಸೀಟಿನ ಹಿಂದೆ, ತಗಡಿನ ಒಳಗೆ ಹುದುಗಿಸಿದ್ದು ಅರ್ಥವಾಗುವುದಿಲ್ಲ. ಸಂಕ್ರಾಂತಿಯಲ್ಲಿ ನಾನು ಕೇಳಿದಾಗ ನೀನು ನಕ್ಕುಬಿಟ್ಟೆ. "ರೇಷ್ಮೆ ಸೀಮೆಯೋರು ಕಣಕ್ಕ ನಾವು. ನಿನ್ನ ಹಳೇ ಸೀರೆ ಎರಡು ಮಡಿಕೆ ಮಾಡಿ ಸೋಸಿ ಹುಯ್ತೀನಿ. ಆ ಫಿಲ್ಟರ್‌ಗೆ ಕೆಲ್ಸಾನೇ ಇಲ್ಲ, ಇರ್ಲಿ ಅಂತ ಹಾಕಿವ್ನಿ" ಎಂದೆ.

ನೀನು ಮಾಗಡಿಗೆ ಹೋದ ಮರುದಿನ ಜೀಪ್ ಮೆಕ್ಯಾನಿಕ್ ಇಮಾಮ್ ಸಾಬರನ್ನು ಕರೆದುಕೊಂಡು ನಿನ್ನ ಶೆಡ್ಡಿಗೆ ಹೋಗಿದ್ದೆ. ಬೀಗದ ಕೈ ಹೇಗೆ ಸಿಕ್ಕಿತೆಂದು ಆಮೇಲೆ ಹೇಳುತ್ತೇನೆ. ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಸೀಟು ಬಿಚ್ಚಿ, ಹದಿನಾಲ್ಕು ಸ್ಕ್ರೂ ತೆಗೆದು, ಮಲಗಿಕೊಂಡು ಕೈ ತೂರಿಸಿ ಫಿಲ್ಟರ್ ಹೊರಗೆ ತರಲು ಎರಡೂಕಾಲು ಗಂಟೆ ಹಿಡಿಯಿತು. ಸಾಬರ ಮೊಣಕೈ ತರಚಿತು. "ಇದನ್ನ ಇಕ್ಕಿರೋನು ಬಿಚ್ಚೋ ದಿನ ಬತ್ತದೆ ಅಂತ ಅಂದ್ಕಂಡೇ ಇಲ್ಲ ಮೇಷ್ಟ್ರಮ್ಮ" ಎಂದರು.

ಜಾಲರಿಯ ಮುಕ್ಕಾಲು ಭಾಗಕ್ಕೆ ಕೂದಲಿಗಿಂತ ಸಣ್ಣ ಎಳೆಗಳು ಅಂಟಿದ್ದವು. ಸಾಬರು ಕಸ ಎಂದರು. ನಾನು ಬೆರಳಲ್ಲಿ ಉಜ್ಜಿ ನೋಡಿದೆ. ಮೇಷ್ಟ್ರಾಗುವ ಮುಂಚೆ ಐದು ವರ್ಷ ಅಪ್ಪನ ಜೊತೆ ಗೂಡಿನಿಂದ ನೂಲು ತೆಗೆದವಳು ನಾನು. ರೇಷ್ಮೆ ಗೊತ್ತಾಗದೆ ಇರುತ್ತದೆಯೇ? ನೀನು ಕತ್ತರಿಸಿದ ಸೀರೆಯ ಅಂಚು ಪ್ರತಿ ಸಲವೂ ಎಳೆ ಬಿಟ್ಟು ಟ್ಯಾಂಕಿಗೆ ಇಳಿದಿದೆ.

"ಮೂರು ಸಲ ಹಾರಿಸ್ದೆ, ಏನಾಯ್ತು" ಎನ್ನುತ್ತೀಯ. ಉಳಿದ ಕಾಲು ಭಾಗದಲ್ಲಿ ಹಾರಿಸಿದ್ದೀಯ.

ಅಪ್ಪನ ಡೀಸೆಲ್ ಪಂಪು ನೆನಪಿದೆಯಾ? 1972ರ ಬೇಸಿಗೆ. ಫಿಲ್ಟರ್ ಗೋಡೆಯ ಕಡೆಗಿತ್ತು, ಇಂಜಿನ್ನನ್ನೇ ಎತ್ತದೆ ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಯಾರೂ ಅದನ್ನು ತೊಳೆಯಲಿಲ್ಲ. ರೇಷ್ಮೆ ಹುಳು ಹೊಟ್ಟೆಬಾಕನ ಹಾಗೆ ಸೊಪ್ಪು ತಿನ್ನುವ ವಾರದಲ್ಲೇ ಇಂಜಿನ್ ನಿಂತಿತು. ನೀರಿಲ್ಲದೆ ಹಿಪ್ಪುನೇರಳೆ ಬಾಡಿತು. ತಟ್ಟೆಗಟ್ಟಲೆ ಹುಳುವನ್ನು ತಿಪ್ಪೆಗೆ ಸುರಿದೆವು. ಇಂಜಿನ್ನನ್ನು ಹಾಗೆ ಕೂರಿಸಿದ ರಿಪೇರಿಯವನನ್ನು ಅಪ್ಪ ಸಾಯುವವರೆಗೂ ಬೈದ. ಮಳೆಯ ಎರಚಲು ಬಡಿಯದಿರಲಿ, ಗೋಡೆಗೆ ಒತ್ತಿ ಕೂರಿಸಿ ಎಂದವಳು ನಾನು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಿನ್ನ ಅಕ್ಕಪಕ್ಕದ ಶೆಡ್ಡುಗಳನ್ನು ನೋಡು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇರುತ್ತದೆ, ರಟ್ಟಿನ ಪೆಟ್ಟಿಗೆಗಳ ಹಿಂದೆ. ತನಿಖೆಗೆ ಬಂದವರಿಗೆ ಬೆರಳು ಮಾಡಿ ತೋರಿಸಿದರೆ ಮುಗಿಯಿತು. ಇದರ ಬಗ್ಗೆ ಪತ್ರಿಕೆಗೆ ನಾಲ್ಕು ಸಲ ಬರೆದೆ. ಐದನೆಯ ಸಲ ತಮ್ಮನಿಗೇ ಬರೆಯಬೇಕಾಯಿತು.

ಇಂಜಿನ್ ಪಕ್ಕದ ತಗಡಿನಲ್ಲಿ ಅಂಗೈ ಅಗಲದ ಬಾಗಿಲು ಮಾಡಿ, ಸೈಲೆನ್ಸರಿನ ಬಿಸಿ ತಾಗದ ಕಡೆ ಫಿಲ್ಟರ್ ಕೂರಿಸು. ಟ್ಯಾಂಕಿನ ಕಡೆಯ ಪೈಪಿಗೆ ಒಂದು ವಾಲ್ವ್ ಇರಲಿ, ಬಿಚ್ಚಿದಾಗ ಪೆಟ್ರೋಲ್ ಸುರಿಯುವುದಿಲ್ಲ. ಹಾರುವ ಮುಂಚೆ ನಿಂತುಕೊಂಡೇ ಐದು ನಿಮಿಷದಲ್ಲಿ ಬಿಚ್ಚಿ ನೋಡುವಂತಿರಬೇಕು. ಟ್ಯಾಂಕನ್ನೂ ತೊಳೆ. ಸೋಸಲು ತಂತಿ ಜಾಲರಿ ತೆಗೆದುಕೋ, ಸೀರೆ ಸಾಕು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವನ ಕಾಲುನೋವು ಕಡಿಮೆಯಾಗಿದೆ.

ನಿನ್ನ ಅಕ್ಕ,
ಅಂಬುಜಮ್ಮ

ಮತ್ತೊಂದು ಮಾತು: ಫಿಲ್ಟರನ್ನು ನಾವು ವಾಪಸ್ ಹಾಕಲಿಲ್ಲ. ನನ್ನ ಬೀರುವಿನಲ್ಲಿದೆ. ಪೈಪಿನ ಎರಡೂ ಬಾಯಿ ಮುಚ್ಚಿ, ಸ್ಟಾರ್ಟ್ ಮಾಡಬೇಡ ಎಂದು ಬರೆದು ಪ್ರೊಪೆಲ್ಲರಿಗೆ ರಟ್ಟು ಕಟ್ಟಿದ್ದೇವೆ. ನೀನು ಶುಕ್ರವಾರ ಬಂದು ಅದನ್ನು ನೋಡಿ ಸಾಬರ ಮೇಲೆ ಹಾರಾಡುವ ಮುಂಚೆ ಸಿಗಲಿ ಎಂದು ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬೀಗದ ಕೈ ಕೊಟ್ಟವಳು ಧನುಶ್ರೀ. "ಹಾರಕ್ಕೆ ಭಯ ಇಲ್ಲ ಅತ್ತೆ, ಫಿಲ್ಟರ್ ವಿಷ್ಯ ಅಪ್ಪಂಗೆ ಹೇಳಕ್ಕೇ ಭಯ" ಎಂದಳು. ಪ್ರತಿ ಸಲ ಫಿಲ್ಟರ್ ಬಿಚ್ಚಿ ನೋಡುವ ಕೆಲಸ ತನಗೇ ಕೊಟ್ಟರೆ ಕೂರುತ್ತಾಳಂತೆ.