ಬ್ರೇಕ್ ಇದ್ದ ಬಾಜೂ

ಗೋಕಾಕ
ಶನಿವಾರ, ೧೬ ನವೆಂಬರ್ ೨೦೨೪

ಪ್ರೀತಿಯ ತಮ್ಮ ಭೀಮೇಶನಿಗೆ,

ನಿನ್ನ ಅಕ್ಕ ಯಲ್ಲಕ್ಕ ತುಂಬು ಮನಸ್ಸಿನಿಂದ ಮಾಡುವ ಆಶೀರ್ವಾದಗಳು. ನಿನ್ನ ಮೊಣಕಾಲು ಹೇಗಿದೆ? ನಿನ್ನ ಮಗಳು ಮೇಘಾ ತಂದುಕೊಟ್ಟ ಎಣ್ಣೆ ಹಚ್ಚುತ್ತೀಯೋ, ಇಲ್ಲ ಬಾಟಲಿಯನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ಕಿವಿಯ ಮಶೀನು ಹಾಕಿಕೋ ಎಂದು ಮಗಳು ಎಷ್ಟು ಬೇಡಿಕೊಂಡರೂ ಅದನ್ನು ಹಬ್ಬ ಹುಣ್ಣಿಮೆಗೆ ಮಾತ್ರ ಹಾಕುತ್ತೀಯಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು “ಹಾಂ, ಹಾಂ, ಆರಾಮ ಅದೇನಿ” ಅನ್ನುತ್ತೀ. ಹೋದ ತಿಂಗಳು ನನಗೆ ಜ್ವರ ಬಂದಿದೆ ಅಂದಾಗ “ಭಾಳ ಚಲೋ ಆತು” ಅಂದೆ. ಸೊಸೆ ಅನ್ನಪೂರ್ಣಾ ಬಿದ್ದು ಬಿದ್ದು ನಕ್ಕಳು. ಆದರೆ ಈ ಸಲ ಹೇಳಬೇಕಾದದ್ದಕ್ಕೂ ನೀನು ಹಾಗೇ ಹಾಂ ಹಾಂ ಅಂದುಬಿಟ್ಟರೆ ನನಗೆ ತಡೆಯಲಾಗುವುದಿಲ್ಲ. ಕನ್ನಡಕ ಹಾಕಿಕೊಂಡು ಕೂತು ಓದು. ನಡುವೆ ಎದ್ದು ಹೋಗಬೇಡ.

ನಾವೆಲ್ಲ ಕ್ಷೇಮ. ಮಗ ಸೋಮಲಿಂಗ ಮೂಡಲಗಿಯ ಬೆಲ್ಲದ ಅಂಗಡಿಗೆ ಮುಂಜಾನೆ ಹೋದರೆ ಸಂಜೆ ಬರುತ್ತಾನೆ, ಮೈಯೆಲ್ಲ ಬೆಲ್ಲದ ವಾಸನೆ, ಹಿಂದೆ ಎರಡು ನೊಣ. ಸೊಸೆ ಅನ್ನಪೂರ್ಣಾ ನನ್ನ ಮೇಲೆ ಜೋರು ಮಾಡುತ್ತಾಳೆ, ಆದರೆ ಬಿಸಿ ರೊಟ್ಟಿ ಮೊದಲು ನನಗೇ ಹಾಕುತ್ತಾಳೆ. ಅವ್ವನ ಬೀಸುಕಲ್ಲನ್ನು ಮೇಘಾ ಕೇಳಿದ್ದಳಲ್ಲ, ಮನೆಯಲ್ಲಿ ಚಂದಕ್ಕೆ ಇಡುತ್ತೇನೆ ಎಂದು. ಅದನ್ನು ಹಿತ್ತಿಲಿನಿಂದ ಎತ್ತಿಸಿ ತೊಳೆಸಿದೆ. ಮೇಲಿನ ಕಲ್ಲಿನ ಅಂಚು ಸ್ವಲ್ಪ ಒಡೆದಿದೆ. ಕಬ್ಬಿಣದ ಗೂಟ ಮಾತ್ರ ಇನ್ನೂ ಗಟ್ಟಿಯಾಗಿದೆ, ಹಿಡಿದು ಹಿಡಿದು ಬೆಳ್ಳಿಯಂತೆ ಹೊಳೆಯುತ್ತದೆ.

ಇನ್ನು ಹೊಸ ಸುದ್ದಿ. ಅರವತ್ತೇಳನೆಯ ವಯಸ್ಸಿನಲ್ಲಿ ನಿನ್ನ ಅಕ್ಕನಿಗೆ ಹೊಸ ಕೆಲಸ ಸಿಕ್ಕಿದೆ. ಮೂವತ್ತು ವರ್ಷ ಕಟ್ಟಿಗೆಯ ಗೊಂಬೆ, ಬಾಳೆಹಣ್ಣು, ಮಾವಿನಹಣ್ಣಿಗೆ ಬಣ್ಣ ಬಳಿದ ಕೈ ಇದು, ಸುಮ್ಮನೆ ಕೂತರೆ ತುರಿಸುತ್ತದೆ. ಆಷಾಢದಲ್ಲಿ ನಮ್ಮ ಗೊಂಬೆ ಅಂಗಡಿಯ ಶಿವಪುತ್ರ ಒಬ್ಬರನ್ನು ಮನೆಗೆ ಕರೆತಂದ. ಹುಕ್ಕೇರಿಯವರು, ಗುರುಲಿಂಗಪ್ಪ ಮಾಸ್ತರರು, ಸಾಲಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಹುಚ್ಚು ಏನು ಗೊತ್ತೇ? ಹಳೆಯ ಮಾಲಗಾಡಿಯ ಡಬ್ಬಿಗಳನ್ನು ಸಣ್ಣದಾಗಿ, ಇದ್ದದ್ದು ಇದ್ದ ಹಾಗೇ ಮಾಡುವುದು. ನಮ್ಮ ಕಡೆ ಸಣ್ಣ ಹಳಿ ಇದ್ದ ಕಾಲದ ಡಬ್ಬಿಗಳು. ಇಂಜಿನ್ ಬೇಡ, ಜನ ಕೂಡುವ ಡಬ್ಬಿಯೂ ಬೇಡ. “ಇಂಜಿನ್ ಫೋಟೊ ಎಲ್ಲಾರೂ ತಗದಾರ್ರಿ, ಪಾಪ ಈ ಡಬ್ಬಿ ಯಾರೂ ನೋಡಿಲ್ಲ” ಅನ್ನುತ್ತಾರೆ. ಗೂಡ್ಸ್ ಶೆಡ್ಡಿನ ಹಿಂದಿನ ಗುಡಿಸಲಿನಲ್ಲಿ ಬೆಳೆದವಳು ನಾನು ಎಂದು ಶಿವಪುತ್ರ ಹೇಳಿದ್ದೇ ತಡ, ಮಾಸ್ತರರು ನನ್ನ ಮುಂದೆ ಚಾಪೆಯ ಮೇಲೆ ಕೂತುಬಿಟ್ಟರು. ಈಗ ಪ್ರತಿ ಗುರುವಾರ ಬಸ್ಸು ಹತ್ತಿ ಹುಕ್ಕೇರಿಗೆ ಹೋಗುತ್ತೇನೆ.

ಆ ಕೆಲಸದ ತಮಾಷೆ ಕೇಳು. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ. ಇಡೀ ಡಬ್ಬಿ ಒಂದು ಗೇಣಿಗಿಂತ ತುಸು ಉದ್ದ. ರಿವೆಟ್ಟುಗಳನ್ನು ಸೂಜಿಯ ಮೊನೆಯಿಂದ ಅಂಟಿನ ಹನಿ ಇಟ್ಟು ಎಬ್ಬಿಸಬೇಕು, ಒಂದೊಂದು ಬದಿಗೆ ಮುನ್ನೂರಕ್ಕೂ ಮೇಲೆ. ಒಂದು ತಪ್ಪಿದರೆ ಮಾಸ್ತರರು ಭೂತಗನ್ನಡಿ ಹಿಡಿದು ಅಳುಮೋರೆ ಮಾಡುತ್ತಾರೆ. ಮೊದಲ ಡಬ್ಬಿಗೆ ನಾನು ಗೊಂಬೆಗೆ ಬಳಿದಂತೆ ಕೆಂಪು ಬಳಿದು ಮೇಲೆ ಮಿರಿಮಿರಿ ಎಣ್ಣೆ ಎಳೆದಿದ್ದೆ. ಅದನ್ನು ನೋಡಿ ಅವರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ, “ಯಲ್ಲಕ್ಕಾರ, ಇದು ಮದುವಿಗೆ ಹೊಂಟೈತೇನ್ರಿ?” ಅಂದರು. ಹಾಗಾಗಿ ಹುರಮಂಜಿನ ಕೆಮ್ಮಣ್ಣು ಕಲಸಿ, ಮಸಿ ಸೇರಿಸಿ, ಬಿಸಿಲಿಗೆ ಬಾಡಿದ ಬಣ್ಣ ತಂದೆ. ಬಣ್ಣದಲ್ಲಿ ಗೆದ್ದವಳು ನಾನೇ. ಬಾಗಿಲಿನ ಬಲಗಡೆಯ ಕಂಬಕ್ಕೆ, ಆಳೆತ್ತರದಲ್ಲಿ, ಒಂದು ಕರಿ ಹೊಳಪು ಇಟ್ಟೆ. ಇದು ಯಾವ ಪುಸ್ತಕದಲ್ಲಿದೆ ಎಂದು ಮಾಸ್ತರರು ಕೇಳಿದರು. ಹಮಾಲರು ಬೆನ್ನ ಮೇಲೆ ಬೆಲ್ಲದ ಪೆಂಟಿ ಹೊತ್ತು ಡಬ್ಬಿಯೊಳಗೆ ಕಾಲಿಡುವಾಗ ಎಲ್ಲರೂ ಅಲ್ಲಿಯೇ ಕೈ ಊರುತ್ತಿದ್ದರು, ನಮ್ಮ ಅಪ್ಪ ರಾಜಪ್ಪ ಹಮಾಲನ ಕೈಯೂ ಅಲ್ಲಿಯೇ ಬೀಳುತ್ತಿತ್ತು ಅಂದೆ. ಮಾಸ್ತರರು ಪೆನ್ಸಿಲ್ ತೆಗೆದು ಅದನ್ನು ಬರೆದುಕೊಂಡರು.

ಭೀಮೂ, ನಾವಿಬ್ಬರೂ ಎಂದೂ ಮಾತಾಡದ ವಿಷಯಕ್ಕೆ ಈಗ ಬರುತ್ತೇನೆ. ನಿನಗೆ ಏಳು ವರ್ಷ, ನನಗೆ ಹನ್ನೊಂದು. ಶೆಡ್ಡಿನ ಬಾಜೂ, ಪಕ್ಕದ ಹಳಿಯ ಮೇಲೆ ಬೆಲ್ಲ ಹೇರುತ್ತಿದ್ದ ಡಬ್ಬಿ ನಿಂತಿತ್ತು. ನೀನು ಪ್ಲಾಟ್‌ಫಾರ್ಮಿನ ಕಡೆ ಆಡುತ್ತಿದ್ದೆ. ಡಬ್ಬಿಗೆ ತೂಗುಬಿದ್ದಿದ್ದ ಕಬ್ಬಿಣದ ಪಟ್ಟಿಯನ್ನು ಎತ್ತಿದೆ. ಡಬ್ಬಿ ಉರುಳಿತು. ಹಿಂದೆ ಹಳಿ ದಾಟುತ್ತಿದ್ದ ಅಪ್ಪನ ಬಲಗಾಲಿನ ಪಾದ ಗಾಲಿಯ ಕೆಳಗೆ ಸಿಕ್ಕಿ ಅರ್ಧ ಹೋಯಿತು. ನೀನು ಓಡಿಬಂದು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿ, “ಅವ್ವಾ, ಬ್ರೇಕ್ ನಾನ ಎತ್ತೇನಿ” ಎಂದು ಅತ್ತೆ. ಮತ್ತೆ ಯಾರೂ ಏನೂ ಕೇಳಲಿಲ್ಲ. ಕೇಳುವ ಜರೂರೇ ಇರಲಿಲ್ಲ, ನೀನೇ ಒಪ್ಪಿಕೊಂಡಿದ್ದೆಯಲ್ಲ. ಅಪ್ಪ ಮಾತ್ರ ಸಾಯುವ ತನಕ, “ಕೂಸಿಗೇನ ತಿಳಿತೈತಿ, ಬಿಡ್ರಿ” ಅನ್ನುತ್ತಿದ್ದ. ಆ ಮಾತು ನಿನ್ನನ್ನು ಇನ್ನೂ ಕುಗ್ಗಿಸುತ್ತಿತ್ತು, ನಾನು ನೋಡಿದ್ದೇನೆ. ಅಪ್ಪನಿಗೆ ಹಮಾಲಿ ಆಗದೆ ನಾವು ಮೂಡಲಗಿಗೆ ಬಂದೆವು. ಅವ್ವ ಮನೆಮನೆಯ ತೊಗರಿ, ಕಡಲೆ ತಂದು ಬೇಳೆ ಒಡೆದು ನಮ್ಮನ್ನು ಸಾಕಿದಳು. ಕಲ್ಲು ತಿರುವುತ್ತಾ, ಬಂದ ಹೆಂಗಸರಿಗೆಲ್ಲ ಅದೇ ಕಥೆ ಹೇಳುತ್ತಿದ್ದಳು: “ನಮ್ಮ ಭೀಮ್ಯಾ ಬ್ರೇಕ್ ಎತ್ತಿದ ನೋಡ್ರೆವ್ವ, ನಮ್ಮ ಸಂಸಾರ ಹಿಂಗಾತು.” ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಊರಿನಲ್ಲಿ ಮಳೆ ಹೋಯಿತು ಅನ್ನುವ ಹಾಗೆ ಹೇಳುತ್ತಿದ್ದಳು. ನೀನು ಹೊಸ್ತಿಲ ಮೇಲೆ ಕೂತು ಎಲ್ಲ ಕೇಳುತ್ತಿದ್ದೆ. ಹದಿನೆಂಟಕ್ಕೆ ಮಿರಜಿಗೆ ಹೋಗಿ ಬಸ್ ಡಿಪೋ ಸೇರಿದೆ, ನಲವತ್ತು ವರ್ಷ ಬಸ್ಸುಗಳ ಬ್ರೇಕ್ ಬಿಗಿ ಮಾಡಿದೆ. ಅದೇ ಕೆಲಸ ಯಾಕೆ ಹಿಡಿದೆ ಎಂದು ಅವ್ವನಿಗೆ ತಿಳಿಯಲಿಲ್ಲ, ನನಗೆ ತಿಳಿದಿತ್ತು. ಅಂದಿನಿಂದ ಇಂದಿನವರೆಗೆ ನೀನು ರೈಲು ಹತ್ತಿಲ್ಲ. ಅವ್ವ ಹೋದ ದಿನವೂ ಎರಡು ಬಸ್ಸು ಬದಲಿಸಿಕೊಂಡು ಬಂದೆ. ಮಣ್ಣು ಆಗಿಹೋಗಿತ್ತು, ನಿನಗೆ ಮುಖ ಸಿಗಲಿಲ್ಲ.

ಈಗ ಹೋದ ತಿಂಗಳ ಮಾತು. ಮಾಸ್ತರರು ಹಳೆಯ ಬೆಲ್ಲದ ಡಬ್ಬಿಯೊಂದರ ನಕ್ಷೆ ತಂದರು. ನೋಡಿದ ಕೂಡಲೇ ಗುರುತು ಸಿಕ್ಕಿತು, ಅದೇ ಜಾತಿಯ ಡಬ್ಬಿ. ನಾನು ಬಾಗಿಲ ಬಾಜೂಗೆ ಬ್ರೇಕಿನ ಹ್ಯಾಂಡಲ್ ಕೂಡಿಸಲು ಹೋದೆ. ಮಾಸ್ತರರು ಕೈ ಹಿಡಿದು ತಡೆದು, ಇದು ಬಹಳ ಹಳೆಯ ಜಾತಿ, ಇದಕ್ಕೆ ಹ್ಯಾಂಡಲ್ ಒಂದೇ ಬಾಜೂ ಇರುತ್ತದೆ, ಎರಡೂ ಬಾಜೂ ಇರುವ ಡಬ್ಬಿ ಆಮೇಲೆ ಬಂದವು ಅಂದರು. ಉದ್ದನೆಯ ಕಬ್ಬಿಣದ ತೋಳು ಅದು, ಗಾಲಿಯ ಹತ್ತಿರ ಮಲಗಿರುತ್ತದೆ. ಕಾಲಿನಿಂದ ಕೆಳಗೆ ಒತ್ತಿದರೆ ಬ್ರೇಕ್ ಬೀಳುತ್ತದೆ, ಮತ್ತೆ ಏಳದಂತೆ ಅದರ ಮೇಲೆ ತೂತಿನಲ್ಲಿ ಒಂದು ಗೂಟ ಸಿಗಿಸುತ್ತಾರೆ. ನನಗೆ ಸಿಟ್ಟು ಬಂತು. “ನನ್ನ ತಮ್ಮ ಪ್ಲಾಟ್‌ಫಾರ್ಮ ಬಾಜೂನ ಎತ್ಯಾನ್ರಿ, ಊರಿಗೂರ ಸಾಕ್ಷಿ ಐತಿ” ಅಂದೆ. ಮಾಸ್ತರರು ಕಥೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೂರು ಹಳೆಯ ಫೋಟೊ ನನ್ನ ಮುಂದೆ ಇಟ್ಟರು. ಒಂದು ಬಾಜೂ ಹ್ಯಾಂಡಲ್ ಇದೆ. ಇನ್ನೊಂದು ಬಾಜೂ ಬಾಗಿಲು ಮುಚ್ಚುವ ಪಟ್ಟಿ ಮಾತ್ರ ತೂಗುತ್ತಿದೆ, ಏಳು ವರ್ಷದ ಕೂಸಿನ ಕೈಗೆ ಎಟುಕುವ ಹಾಗೆ. “ಊರು ಸುಳ್ಳ ಹೇಳಿಲ್ರಿ ಅಕ್ಕಾರ, ಆದರ ಊರು ಡಬ್ಬಿ ಹಿಂದಿನ ಬಾಜೂ ನೋಡಿಲ್ಲ” ಅಂದರು.

ತಿಳಿಯಿತೇ ಭೀಮೂ? ಆ ದಿನ ಹ್ಯಾಂಡಲ್ ಇದ್ದದ್ದು ಆಚೆ, ಜಾಲಿಕಂಟಿಯ ಮುಳ್ಳುಪೊದೆ ಇದ್ದ ಬಾಜೂ. ಡಬ್ಬಿಯನ್ನು ಹೇಗೆ ಬೇಕಾದರೂ ತಿರುಗಿಸಿ ನಿಲ್ಲಿಸಬಹುದಲ್ಲ ಎಂದು ನೀನು ಕೇಳುತ್ತೀ, ಮೆಕ್ಯಾನಿಕ್ ತಲೆ ನಿನ್ನದು. ನನಗೆ ಖಾತ್ರಿ ಇದೆ. ಹೇಗೆ ಖಾತ್ರಿ ಎನ್ನುವುದನ್ನು ಆಮೇಲೆ ಬರೆಯುತ್ತೇನೆ. ನೀನು ಎತ್ತಿದ್ದು ಬಾಗಿಲ ಪಟ್ಟಿ. ಅದನ್ನು ನೂರು ಸಲ ಎತ್ತಿದರೂ ಡಬ್ಬಿ ಒಂದು ಬೆರಳಿನಷ್ಟೂ ಕದಲುವುದಿಲ್ಲ. ನೀನು ಎತ್ತಿದ ಗಳಿಗೆಯಲ್ಲೇ ಆಚೆ ಬ್ರೇಕ್ ಬಿಟ್ಟಿತು, ಅಷ್ಟೇ. ನಕ್ಷೆಯ ಜೆರಾಕ್ಸ್ ಈ ಲಕೋಟೆಯಲ್ಲಿದೆ. ನನ್ನ ಮಾತು ಬೇಡ, ನೀನೇ ನೋಡಿ ಹೇಳು, ಇಂಥ ಡಬ್ಬಿಯ ಬ್ರೇಕನ್ನು ಪ್ಲಾಟ್‌ಫಾರ್ಮಿನಿಂದ ಯಾರಿಗಾದರೂ ಬಿಡಿಸಲು ಆಗುತ್ತದೆಯೇ?

ಉಳಿದ ಕಟ್ಟಿಗೆಯಲ್ಲಿ ನಿನಗೂ ಒಂದು ಡಬ್ಬಿ ಮಾಡಿದ್ದೇನೆ. ಎಲ್ಲ ಮುಗಿದಿದೆ, ರಿವೆಟ್ಟು, ಬಾಗಿಲು, ಅಪ್ಪನ ಕೈಯ ಹೊಳಪು, ಆಚೆಯ ಬಾಜೂ ಹ್ಯಾಂಡಲ್. ಆ ಸಣ್ಣ ಗೂಟವನ್ನು ಮಾತ್ರ ಇನ್ನೂ ಸಿಗಿಸಿಲ್ಲ. ಅಕ್ಕಿಕಾಳಿನಷ್ಟು ತಾಮ್ರದ ತಂತಿ ಕೊಟ್ಟು ಮಾಸ್ತರರು ಮೂರು ಗುರುವಾರದಿಂದ ಕೇಳುತ್ತಿದ್ದಾರೆ, “ಅಕ್ಕಾರ, ಗೂಟ ಇಲ್ಲದ ನಕ್ಷಿ ಪೂರಾ ಆಗೂದಿಲ್ರಿ.” ಮುಂದಿನ ವಾರ ನೋಡೋಣ ಎಂದು ದಾಟಿಸುತ್ತಿದ್ದೇನೆ. ಡಬ್ಬಿ ಇಲ್ಲಿ ದೇವರ ಕೋಣೆಯ ಕಪಾಟಿನ ಮೇಲಿದೆ. ನೀನು ಬಂದಾಗ ಕೈಯಲ್ಲಿ ಹಿಡಿದು ಎರಡೂ ಬಾಜೂ ತಿರುಗಿಸಿ ನೋಡು.

ಮೊಣಕಾಲಿಗೆ ಎಣ್ಣೆ ತಪ್ಪಿಸಬೇಡ. ಮೇಘಾಳಿಗೆ ನನ್ನ ಮುತ್ತು. ನಿನಗೆ ನೂರು ವರ್ಷ ಆಯುಷ್ಯ ಇರಲಿ, ಇನ್ನು ಉಳಿದಷ್ಟು ವರ್ಷ ತಲೆ ಎತ್ತಿ ನಡೆ.

ಇತಿ ನಿನ್ನ ಅಕ್ಕ,
ಯಲ್ಲಕ್ಕ

ತಾ.ಕ.: ಅನ್ನಪೂರ್ಣಾ ಪೋಸ್ಟಿಗೆ ಹೊರಟು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಆ ದಿನ ಮುಂಜಾನೆ ಅವ್ವನ ಬೀಸುಕಲ್ಲಿನ ಗೂಟ ಮುರಿದಿತ್ತು. “ಏನರ ಒಂದ ಗೂಟ ನೋಡ್ಕೊಂಡ ಬಾ” ಎಂದು ನನ್ನನ್ನು ಕಳಿಸಿದಳು. ನಾನು ಜಾಲಿಕಂಟಿಯ ಬಾಜೂ ಹುಡುಕುತ್ತಿದ್ದೆ. ಡಬ್ಬಿಯ ಕೆಳಗಿನ ಕಬ್ಬಿಣದ ತೋಳಿನ ಮೇಲೆ ಒಂದು ಗೂಟ ಕಂಡಿತು, ಸರಪಳಿ ಹರಿದಿತ್ತು, ಯಾರಿಗೂ ಬೇಡದ್ದು ಅಂದುಕೊಂಡೆ. ಎರಡೂ ಕೈಯಿಂದ ಜಗ್ಗಿ ಕಿತ್ತೆ. ತೋಳು ಏಳಲಿಲ್ಲ, ಎದ್ದಿದ್ದರೆ ಹೆದರಿ ಅಲ್ಲೇ ಬಿಟ್ಟು ಓಡುತ್ತಿದ್ದೆ. ಗೂಟ ತಂದು ಅವ್ವನಿಗೆ ಕೊಟ್ಟೆ. ತುಕ್ಕು ಹಿಡಿದ ಹ್ಯಾಂಡಲ್ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಹೇರುವಾಗ ಡಬ್ಬಿ ಅಲುಗಿದರೆ ಎದ್ದುಬಿಡುತ್ತದಂತೆ. ಮಾಸ್ತರರನ್ನು ಏನೂ ಅರಿಯದವಳಂತೆ ಕೇಳಿ ತಿಳಿದುಕೊಂಡೆ. ಎಲ್ಲರೂ ಬ್ರೇಕ್ ಈಚೆ ಇತ್ತು ಅಂದರು, ನಾನೂ ನಂಬಿದೆ. ನಾನು ಕಿತ್ತದ್ದು ಏನೆಂದು ನಕ್ಷೆ ನೋಡುವ ತನಕ ದೇವರಾಣೆ ನನಗೆ ಗೊತ್ತಿರಲಿಲ್ಲ. ನಕ್ಷೆಯಲ್ಲಿನ ಗೂಟ ಗೇಣುದ್ದ, ತಲೆಯಲ್ಲಿ ತೂತು, ಒಂದು ಮಗ್ಗುಲು ಚಪ್ಪಟೆ. ನಕ್ಷೆ ನೋಡಿದ ದಿನ ಮನೆಗೆ ಬಂದು ಬೀಸುಕಲ್ಲಿನ ಮುಂದೆ ಕೂತೆ, ಅದೇ ಗೂಟ. ಅದನ್ನೇ ಹಿಡಿದು ತಿರುವುತ್ತಾ ಅವ್ವ ಅಷ್ಟು ವರ್ಷ ನಿನ್ನ ಹೆಸರು ಹೇಳಿದಳು. ಕಲ್ಲನ್ನು ಮೇಘಾಳಿಗೆ ಖಂಡಿತ ಕೊಡುತ್ತೇನೆ, ಗೂಟ ಕಿತ್ತು ಕೊಡಬೇಕೆಂದು ನಿನ್ನೆ ಜಗ್ಗಿದೆ, ಬರಲಿಲ್ಲ. ಒಮ್ಮೆ ಕಿತ್ತವಳು ನಾನು, ಈ ಸಲ ನೀನು ಬಂದು ಕೀಳು. ಬೈಯುವುದಿದ್ದರೂ ಬಂದು ಎದುರಿಗೇ ಬೈ. ರೈಲಿಗೇ ಬಾ, ಭೀಮ್ಯಾ, ನಾನು ಸ್ಟೇಶನ್ನಿಗೆ ಬಂದು ನಿಂತಿರುತ್ತೇನೆ.